ಎಂ.ಎಸ್. ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳಿಗೇನು ಕೆಲಸ?

ಮಳೆಗಾಲ ಶುರುವಾಯಿತು ಅಂದರೆ ತುಮಕೂರಿನಲ್ಲಿ ಪ್ಲೇಟ್‌ಲೆಟ್ ಮನೆಮಾತು. ಬಿ.ಎಚ್. ರಸ್ತೆಯ ಯಾವ ಲ್ಯಾಬ್ ಮುಂದೆ ನಿಂತರೂ ಅದೇ ಪ್ರಶ್ನೆ: "ಎಷ್ಟಿದೆಯಂತೆ?" "ಎಪ್ಪತ್ತು ಸಾವಿರಕ್ಕೆ ಇಳಿದಿದೆಯಂತೆ." ಅಷ್ಟು ಕೇಳಿದ್ದೇ ತಡ, ಒಬ್ಬರು ಪರಂಗಿ ಎಲೆ ರಸ ಕುಡಿಸಿ ಅಂತಾರೆ, ಇನ್ನೊಬ್ಬರು ಕಿವಿ ಹಣ್ಣು ಕೊಡಿ ಅಂತಾರೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ಹಾಗಾಗಿ ಪ್ಲೇಟ್‌ಲೆಟ್ ಅಂದರೆ ನಮ್ಮ ಪಾಲಿಗೆ ಒಂದು ಸಂಖ್ಯೆ. ಇಳಿದರೆ ಭಯ, ಏರಿದರೆ ನೆಮ್ಮದಿ. (ನಿಜ ಹೇಳಬೇಕೆಂದರೆ ಡೆಂಗಿಯಲ್ಲೂ ಜೀವಕ್ಕೆ ಜಾಸ್ತಿ ಅಪಾಯ ತರುವುದು ರಕ್ತನಾಳದಿಂದ ನೀರಿನಂಶ ಸೋರುವುದು. ಆ ಮಾತು ಇನ್ನೊಮ್ಮೆ.)

ಅದೇ ಪ್ಲೇಟ್‌ಲೆಟ್‌ನ ಹೆಸರು ಈಗ ಬೇರೆಯದೇ ಒಂದು ಕಾಯಿಲೆಯ ಸಂಶೋಧನೆಯಲ್ಲಿ ಕೇಳಿಬರುತ್ತಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಎಲ್ಲರೂ ಕರೆಯುವಂತೆ ಎಂ.ಎಸ್. ಇದು ಮಿದುಳು ಮತ್ತು ಬೆನ್ನುಹುರಿಯ ಕಾಯಿಲೆ. ರಕ್ತ ಹೆಪ್ಪುಗಟ್ಟಿಸುವ ಕಣಕ್ಕೂ ನರದ ಕಾಯಿಲೆಗೂ ಏನು ನಂಟು ಅಂತ ಯಾರಿಗಾದರೂ ಅನ್ನಿಸುತ್ತದೆ. ನಂಟು ಇದೆ ಅಂತ ಗೊತ್ತಾದ ಕೂಡಲೇ ಬರುವ ಎರಡನೇ ಪ್ರಶ್ನೆ: ಹಾಗಾದರೆ ಪ್ಲೇಟ್‌ಲೆಟ್ ಅಂಟಿಕೊಳ್ಳುವುದನ್ನು ತಡೆಯುವ ಆಸ್ಪಿರಿನ್ ನುಂಗಿದರೆ ಆಯ್ತಲ್ಲ, ಅಲ್ವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪ್ಲೇಟ್‌ಲೆಟ್ ಈ ಕಾಯಿಲೆಯ ಮೂಲ ಅಲ್ಲ. ಹಾಗಂತ ಸುಮ್ನೆ ನಿಂತು ನೋಡುತ್ತಲೂ ಇಲ್ಲ. ಶುರುವಿನಲ್ಲಿ ಕೆಡುಕಿಗೆ ಕೈಜೋಡಿಸುತ್ತದೆ, ಆಮೇಲೆ ರಿಪೇರಿ ಕೆಲಸಕ್ಕೂ ನಿಲ್ಲುತ್ತದೆ. ಅದನ್ನು ಔಷಧಿಯಿಂದ ಕಟ್ಟಿಹಾಕುವುದು ಅಂದುಕೊಂಡಷ್ಟು ಸುಲಭ ಅಲ್ಲ ಅನ್ನುವುದಕ್ಕೆ ಇದೇ ಕಾರಣ.

ಮೊದಲು ಕಾಯಿಲೆಯ ಬಗ್ಗೆ. ನಮ್ಮ ನರದ ಎಳೆಗಳ ಸುತ್ತ ಮಯಲಿನ್ ಅನ್ನುವ ಕೊಬ್ಬಿನ ಪದರ ಇರುತ್ತದೆ. ಅದಿದ್ದರೆ ಮಿದುಳಿನ ಸಂದೇಶ ಬೇಗ ಓಡುತ್ತದೆ. ಎಂ.ಎಸ್.ನಲ್ಲಿ ದೇಹದ ರೋಗನಿರೋಧಕ ಕಣಗಳು ದಾರಿ ತಪ್ಪಿ ಈ ಪದರದ ಮೇಲೇ ಬೀಳುತ್ತವೆ. ಪದರ ಹೋದ ಕಡೆ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಪ್ಯಾರಿಸ್‌ನ ವೈದ್ಯ ಶಾರ್ಕೋ 1868ರಲ್ಲೇ ಇದನ್ನು ಸ್ಪಷ್ಟವಾಗಿ ವಿವರಿಸಿದ್ದರು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಜಾಸ್ತಿ.

ಶಿರಾದ ಕಡೆಯ 28ರ ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ಬೆಳಗ್ಗೆ ಕನ್ನಡಿ ಮುಂದೆ ಕುಂಕುಮ ಇಟ್ಟುಕೊಳ್ಳುತ್ತಾಳೆ. ಬಲಗಣ್ಣು ಮುಚ್ಚಿದರೆ ಬೊಟ್ಟು ಕೆಂಪಗೇ ಇದೆ. ಎಡಗಣ್ಣು ಮುಚ್ಚಿದರೆ ಅದೇ ಬೊಟ್ಟು ಮಾಸಲು ಇಟ್ಟಿಗೆ ಬಣ್ಣ. ಕಣ್ಣು ಹೊರಳಿಸಿದರೆ ಒಳಗೆ ನೋವು. ಕನ್ನಡಕದ ಅಂಗಡಿಗೆ ಹೋಗಿ ಬರುತ್ತಾಳೆ. ಕೆಲವು ವಾರಗಳಲ್ಲಿ ತಾನಾಗೇ ಸರಿಹೋಗುತ್ತದೆ, ಮರೆತೂ ಹೋಗುತ್ತದೆ. ಒಂದು ವರ್ಷ ಕಳೆದ ಮೇಲೆ ಕಾಲು ಜೋಮು. ನಡೆಯುವಾಗ ಚಪ್ಪಲಿ ಕಳಚಿಕೊಂಡದ್ದೇ ತಿಳಿಯುವುದಿಲ್ಲ. ಎಂ.ಎಸ್. ಹೀಗೆ ಬಂದು ಹೋಗಿ, ಬಂದು ಹೋಗಿ ಮಾಡುತ್ತದೆ. ನೂರಕ್ಕೆ ಸುಮಾರು 85 ಜನರಲ್ಲಿ ಶುರುವಾಗುವುದೇ ಹೀಗೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಗುರುತಿಸುವುದಕ್ಕೆ ಇನ್ನೊಂದು ತೊಡಕಿದೆ. ಪಾವಗಡ, ಮಧುಗಿರಿ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ದಪ್ಪಗಾಗಿ ಬೆನ್ನುಹುರಿಯನ್ನು ಒತ್ತಬಹುದು. ಆಗಲೂ ಕಾಲು ಬಿಗಿಯುತ್ತದೆ, ಜೋಮು ಬರುತ್ತದೆ. ಬಿ12 ಕೊರತೆಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಎನ್‌ಎಂಒ ಅನ್ನುವ ಎಂ.ಎಸ್.ನ ದಾಯಾದಿ ಕಾಯಿಲೆಯೂ ಇದೆ. ಅದು ಬೇರೆ ಎನ್ನುವುದನ್ನು ತೋರಿಸುವ ರಕ್ತದ ಗುರುತು ಸಿಕ್ಕಿದ್ದು 2004ರಲ್ಲಿ. ಎಂ.ಎಸ್.ಗೆ ಕೊಡುವ ಕೆಲವು ಔಷಧಿ ಎನ್‌ಎಂಒ ಇರುವವರಿಗೆ ಕೊಟ್ಟರೆ ಕಾಯಿಲೆ ಉಲ್ಬಣಿಸುತ್ತದೆ. ಎಂ.ಆರ್.ಐ. ಮಾಡಿಸದೆ, ನರರೋಗ ತಜ್ಞರಿಗೆ ತೋರಿಸದೆ ಊಹೆಯ ಮೇಲೆ ಔಷಧಿ ಶುರುಮಾಡಬಾರದು ಅನ್ನುವುದು ಇದಕ್ಕೇ.

ಎಷ್ಟು ಜನರಿಗೆ ಇದೆ? ಪ್ರಪಂಚದಲ್ಲಿ ಸುಮಾರು 29 ಲಕ್ಷ ಅನ್ನುವ ಅಂದಾಜಿದೆ. ಭಾರತದಲ್ಲಿ ಇದು ಅಪರೂಪ ಅಂತ ಬಹಳ ಕಾಲ ನಂಬಿದ್ದರು. ಮಂಗಳೂರು ನಗರದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲಕ್ಷಕ್ಕೆ ಸುಮಾರು 8 ಜನ ಅಂತ ಹೇಳಿತು. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ ಸುಮಾರು 27 ಲಕ್ಷ. ಮಂಗಳೂರಿನ ಲೆಕ್ಕವನ್ನೇ ಇಲ್ಲಿಗೂ ಹಾಕಿದರೆ ಇನ್ನೂರು ಚಿಲ್ಲರೆ ಜನ. ಇದು ಒರಟು ಲೆಕ್ಕ, ಒಪ್ಪುತ್ತೇನೆ. ಆದರೆ ನಮ್ಮೂರಿಗೆ ಸಂಬಂಧವಿಲ್ಲದ ಕಾಯಿಲೆ ಅನ್ನುವ ಹಾಗಂತೂ ಇಲ್ಲ.

ಈಗ ಪ್ಲೇಟ್‌ಲೆಟ್‌ಗೆ ಬರೋಣ. ಎರಡು-ಮೂರು ಮೈಕ್ರಾನ್ ಅಗಲದ ಚೂರು ಅದು. ಕೆಂಪು ರಕ್ತಕಣದ ಅರ್ಧದಷ್ಟೂ ಇಲ್ಲ. ಒಳಗೆ ನ್ಯೂಕ್ಲಿಯಸ್ ಇಲ್ಲ. ಮೂಳೆ ಮಜ್ಜೆಯ ದೊಡ್ಡ ಕೋಶಗಳಿಂದ ಕಳಚಿಕೊಂಡು ಬರುತ್ತದೆ, ಏಳರಿಂದ ಹತ್ತು ದಿನ ಬದುಕುತ್ತದೆ. ನಮ್ಮ ದೇಹ ದಿನಕ್ಕೆ ಸುಮಾರು 10,000 ಕೋಟಿ ಪ್ಲೇಟ್‌ಲೆಟ್ ತಯಾರಿಸುತ್ತದೆ. ಅದರ ಒಳಗೆ ಸಣ್ಣ ಸಣ್ಣ ಚೀಲಗಳಿವೆ. ಅವುಗಳಲ್ಲಿ ಸೆರೊಟೋನಿನ್, ಎಡಿಪಿ, ಕ್ಯಾಲ್ಸಿಯಂ, ಪಿಎಫ್4 ಅನ್ನುವ ಪ್ರೋಟೀನ್, ಇನ್ನೂ ನೂರಾರು ವಸ್ತು ತುಂಬಿರುತ್ತವೆ. ರಕ್ತನಾಳಕ್ಕೆ ಗಾಯವಾದರೆ ಅಲ್ಲಿಗೆ ಅಂಟಿಕೊಂಡು ಈ ಚೀಲಗಳನ್ನು ಖಾಲಿ ಮಾಡುತ್ತದೆ. ರಕ್ತ ನಿಲ್ಲುವುದು ಹೀಗೆ. ಆದರೆ ಚೀಲದಲ್ಲಿರುವ ಸಾಮಾನು ರಕ್ತ ನಿಲ್ಲಿಸುವುದಕ್ಕೆ ಮಾತ್ರ ಅಲ್ಲ. ಬಿಳಿ ರಕ್ತಕಣಗಳನ್ನು ಕೂಗಿ ಕರೆಯುವ ವಸ್ತುಗಳೂ ಅಲ್ಲೇ ಇವೆ. ಎಂ.ಎಸ್.ನ ವಿಷಯ ಶುರುವಾಗುವುದು ಇಲ್ಲಿಂದ.

ಎಂ.ಎಸ್. ಇರುವ ಹೆಚ್ಚಿನವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಒಂದೂವರೆಯಿಂದ ನಾಲ್ಕೂವರೆ ಲಕ್ಷದ ಒಳಗೇ ಇರುತ್ತದೆ. ರಿಪೋರ್ಟ್ ನೋಡಿದರೆ ಏನೂ ತಿಳಿಯದು. ಊರಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿದರೆ ಜಾತ್ರೆಯಲ್ಲಿ ಗಲಾಟೆ ಆಗುತ್ತದೋ ಇಲ್ಲವೋ ಹೇಳಕ್ಕಾಗುತ್ತದಾ? ಹಾಗೆಯೇ ಇದು. ಇಲ್ಲಿ ನೋಡಬೇಕಾದದ್ದು ಪ್ಲೇಟ್‌ಲೆಟ್ ಕೆರಳಿದೆಯೋ, ತಣ್ಣಗಿದೆಯೋ ಅನ್ನುವುದನ್ನು. ಕೆರಳಿದ ಪ್ಲೇಟ್‌ಲೆಟ್‌ನ ಮೈಮೇಲೆ ಪಿ-ಸೆಲೆಕ್ಟಿನ್ ಅನ್ನುವ ಪ್ರೋಟೀನ್ ಎದ್ದು ಬರುತ್ತದೆ. ಅದನ್ನು ಅಳೆಯಬಹುದು.

ಈ ಅನುಮಾನ ಹೊಸದಲ್ಲ. 1930ರ ದಶಕದಲ್ಲಿ ಅಮೆರಿಕದ ನರವೈದ್ಯ ಟ್ರೇಸಿ ಪಟ್ನಮ್, ಮಿದುಳಿನ ಸಣ್ಣ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದೇ ಎಂ.ಎಸ್.ಗೆ ಕಾರಣ ಅಂತ ವಾದಿಸಿದರು. ಫಿಟ್ಸ್‌ಗೆ ಇಂದಿಗೂ ಬಳಸುವ ಫೆನಿಟೋಯಿನ್‌ನ ಉಪಯೋಗ ಕಂಡುಕೊಂಡ ಇಬ್ಬರಲ್ಲಿ ಇವರೂ ಒಬ್ಬರು, ಹಾಗಾಗಿ ಅವರ ಮಾತಿಗೆ ತೂಕ ಇತ್ತು. ರಕ್ತ ತೆಳುಮಾಡುವ ಔಷಧಿಯನ್ನೂ ರೋಗಿಗಳಿಗೆ ಕೊಟ್ಟು ನೋಡಿದರು. ಅದು ಚಿಕಿತ್ಸೆಯಾಗಿ ನಿಲ್ಲಲಿಲ್ಲ. 1950, 60ರ ದಶಕಗಳಲ್ಲಿ ಎಂ.ಎಸ್. ಇರುವವರ ಪ್ಲೇಟ್‌ಲೆಟ್ ಬೇರೆಯವರದ್ದಕ್ಕಿಂತ ಜಾಸ್ತಿ ಅಂಟುತ್ತದೆ, ಕಾಯಿಲೆ ಮರುಕಳಿಸಿದಾಗ ಇನ್ನೂ ಜಾಸ್ತಿ ಅಂತ ಕೆಲವು ವರದಿ ಬಂದವು. ಆಮೇಲೆ ಎಲ್ಲರ ಗಮನ ಟಿ-ಕೋಶ ಅನ್ನುವ ರೋಗನಿರೋಧಕ ಬಿಳಿ ಕಣಗಳ ಕಡೆ ಹೋಯಿತು, ಈ ವಿಷಯ ಮೂಲೆ ಸೇರಿತು. 2008ರಲ್ಲಿ ಮತ್ತೆ ಚಿಗುರಿತು. ಎಂ.ಎಸ್. ಇರುವವರ ರಕ್ತದಲ್ಲಿ ಪಿ-ಸೆಲೆಕ್ಟಿನ್ ಎದ್ದಿರುವ ಪ್ಲೇಟ್‌ಲೆಟ್ ಜಾಸ್ತಿ ಇವೆ ಅಂತ ಒಂದು ತಂಡ ತೋರಿಸಿತು. ಅದೇ ವರ್ಷ ಸತ್ತವರ ಮಿದುಳಿನ ಎಂ.ಎಸ್. ಗಾಯಗಳನ್ನು ಪರೀಕ್ಷಿಸಿದ ಇನ್ನೊಂದು ತಂಡಕ್ಕೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕ್ರಿಯೆಯ ಪ್ರೋಟೀನ್‌ಗಳು ಸಿಕ್ಕವು.

ಇಲ್ಲಿ ಒಂದು ಎಚ್ಚರಿಕೆಯ ಕಥೆಯನ್ನೂ ಹೇಳಬೇಕು. 2009ರಲ್ಲಿ ಇಟಲಿಯ ಪಾವ್ಲೊ ಜಂಬೋನಿ ಕುತ್ತಿಗೆಯ ಸಿರೆ ಕಿರಿದಾಗಿರುವುದೇ ಎಂ.ಎಸ್.ಗೆ ಕಾರಣ ಅಂದರು. ಸಿರೆಯನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ರೋಗಿಗಳು ದೇಶ ದೇಶ ಸುತ್ತಿ ಹಣ ಸುರಿದರು. ಸರಿಯಾದ ಪ್ರಯೋಗ ಮಾಡಿ ನೋಡಿದಾಗ ಪ್ರಯೋಜನ ಕಾಣಲಿಲ್ಲ. 2017ರ ಹೊತ್ತಿಗೆ ಜಂಬೋನಿ ಅವರ ಸ್ವಂತ ಪ್ರಯೋಗವೂ ಅದನ್ನೇ ಹೇಳಿತು. ರಕ್ತನಾಳದ ಸಿದ್ಧಾಂತ ಅಂದರೆ ನರವೈದ್ಯರು ಹುಬ್ಬೇರಿಸುವುದು ಸುಮ್ಸುಮ್ನೆ ಅಲ್ಲ.

ಪ್ಲೇಟ್‌ಲೆಟ್ ವಾದ ಅದಕ್ಕಿಂತ ಗಟ್ಟಿ ಅಂತ ನನಗೆ ಅನ್ನಿಸುವುದು ಕಳೆದ ಹದಿನೈದು ವರ್ಷದ ಇಲಿ ಪ್ರಯೋಗಗಳಿಂದ. ಇಲಿಗಳಿಗೆ ಮಯಲಿನ್‌ನ ತುಣುಕು ಚುಚ್ಚಿ ಎಂ.ಎಸ್. ಹೋಲುವ ಕಾಯಿಲೆ ಬರಿಸುತ್ತಾರೆ. ಅದಕ್ಕೆ ಇಎಇ ಅಂತ ಹೆಸರು. ಇಲಿಯ ಬಾಲ ಜೋಲುತ್ತದೆ, ಆಮೇಲೆ ಹಿಂಗಾಲು ಸೋಲುತ್ತದೆ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಇಲಿಗಳ ಪ್ಲೇಟ್‌ಲೆಟ್‌ಗಳನ್ನು ತೆಗೆದುಹಾಕಿದರು. ಕಾಯಿಲೆ ಸೌಮ್ಯವಾಯಿತು, ಮಿದುಳಿಗೆ ನುಗ್ಗುವ ಬಿಳಿ ಕಣಗಳು ಕಡಿಮೆಯಾದವು. ಆದರೆ ಈ ಗುಣ ಕಂಡಿದ್ದು ಉರಿಯೂತದ ಹಂತದಲ್ಲಿ ಪ್ಲೇಟ್‌ಲೆಟ್ ತೆಗೆದಾಗ ಮಾತ್ರ. ರೋಗನಿರೋಧಕ ಕಣಗಳು ಮಯಲಿನ್ ವಿರುದ್ಧ ತಯಾರಾಗುವ ಮೊದಲ ಹಂತದಲ್ಲಿ ತೆಗೆದರೆ ಅಂಥ ಪ್ರಯೋಜನ ಇರಲಿಲ್ಲ. ಅಂದರೆ ಜಗಳ ಹಚ್ಚಿದ್ದು ಪ್ಲೇಟ್‌ಲೆಟ್ ಅಲ್ಲ. ಜಗಳ ಬೆಳೆಸಿದ್ದರಲ್ಲಿ ಅದರ ಪಾಲಿದೆ. ಅದೇ ತಂಡ ಮನುಷ್ಯರ ಎಂ.ಎಸ್. ಗಾಯಗಳಲ್ಲೂ ಪ್ಲೇಟ್‌ಲೆಟ್‌ನ ಗುರುತು ಕಂಡಿತು.

ಬೆಳೆಸುವುದು ಹೇಗೆ? ಮಿದುಳಿನ ರಕ್ತನಾಳದ ಗೋಡೆ ಬಹಳ ಬಿಗಿ. ಸಿಕ್ಕಸಿಕ್ಕ ಕಣವನ್ನು ಒಳಗೆ ಬಿಡುವುದಿಲ್ಲ. ಗೋಡೆ ಎಲ್ಲೋ ಸ್ವಲ್ಪ ಹಾಳಾದಾಗ ಪ್ಲೇಟ್‌ಲೆಟ್‌ಗೆ ನರಕೋಶದ ಮೈಮೇಲಿನ ಗ್ಯಾಂಗ್ಲಿಯೊಸೈಡ್ ಅನ್ನುವ ಕೊಬ್ಬು ಎದುರಾಗುತ್ತದೆ. ಪ್ಲೇಟ್‌ಲೆಟ್ ಅದನ್ನು ಗುರುತು ಹಿಡಿದು ಕೆರಳುತ್ತದೆ ಅಂತ 2013ರ ಕೆಲಸ ತೋರಿಸಿತು. ಕೆರಳಿ ಸೆರೊಟೋನಿನ್, ಪಿಎಫ್4 ಹೊರಹಾಕುತ್ತದೆ. ಮೈಮೇಲೆದ್ದ ಪಿ-ಸೆಲೆಕ್ಟಿನ್‌ನಿಂದ ಬಿಳಿ ಕಣಗಳನ್ನು ಹಿಡಿದು ನಾಳದ ಗೋಡೆಗೆ ಅಂಟಿಸುತ್ತದೆ. ಅಂಟಿದ ಕಣಗಳಿಗೆ ಒಳಗೆ ನುಸುಳುವುದು ಸಲೀಸು. ಜೊತೆಗೆ ರಕ್ತದಲ್ಲಿದ್ದ, ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಅನ್ನುವ ಪ್ರೋಟೀನ್ ಮಿದುಳಿಗೆ ಸೋರಿ ಅಲ್ಲಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾವನ್ನು ಎಬ್ಬಿಸುತ್ತದೆ. ಫೈಬ್ರಿನೋಜನ್ ಬಗ್ಗೆ ಸ್ಯಾನ್ ಫ್ರಾನ್ಸಿಸ್ಕೊದ ಕಟೆರಿನಾ ಅಕಸೊಗ್ಲು ಅವರ ತಂಡ ವರ್ಷಗಳಿಂದ ಕೆಲಸ ಮಾಡುತ್ತಿದೆ. ಆ ಒಂದೇ ಸರಪಳಿಯನ್ನು ಕತ್ತರಿಸುವ ಪ್ರತಿಕಾಯವನ್ನು 2018ರಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ಒಳ್ಳೆಯ ಫಲ ಕಂಡರು. ಅದರ ವಿಶೇಷ ಏನೆಂದರೆ ರಕ್ತ ಹೆಪ್ಪುಗಟ್ಟುವ ಸಹಜ ಕೆಲಸಕ್ಕೆ ಅಡ್ಡಿ ಮಾಡದೆ ಉರಿಯೂತವನ್ನಷ್ಟೇ ತಡೆಯುತ್ತದೆ.

ಇಲ್ಲಿಯವರೆಗೆ ಪ್ಲೇಟ್‌ಲೆಟ್ ಖಳನಾಯಕನೇ. 2015ರ ಒಂದು ಅಧ್ಯಯನ ಕಥೆ ತಿರುಗಿಸಿತು. ಕಾಯಿಲೆಯ ಶುರುವಿನಲ್ಲಿ ಪ್ಲೇಟ್‌ಲೆಟ್ ಬಿಡುವ ಸೆರೊಟೋನಿನ್ ಮುಂತಾದವು ಟಿ-ಕೋಶಗಳನ್ನು ರೇಗಿಸುತ್ತವೆ. ದಿನ ಕಳೆದಂತೆ ಅದೇ ಪ್ಲೇಟ್‌ಲೆಟ್‌ಗಳ ಚೀಲ ಬರಿದಾಗುತ್ತದೆ. ಆಗ ಅವು ಟಿ-ಕೋಶಗಳಿಗೆ ಅಂಟಿಕೊಂಡು ಅವುಗಳ ಬೆಳವಣಿಗೆಯನ್ನೇ ತಗ್ಗಿಸುತ್ತವೆ. ಇನ್ನೂ ಈಚೆಗಿನ ಕೆಲಸ ಮಯಲಿನ್ ಮತ್ತೆ ಕಟ್ಟುವ ಹಂತದ್ದು. ಹಾಳಾದ ಮಯಲಿನ್ ಕಟ್ಟಲು ಮಿದುಳಿನಲ್ಲಿ ಎಳೆಯ ಕೋಶಗಳಿವೆ. ಪ್ಲೇಟ್‌ಲೆಟ್ ಸ್ವಲ್ಪ ಕಾಲ ಹತ್ತಿರ ಇದ್ದರೆ ಅವು ಬಲಿತು ಕೆಲಸಕ್ಕೆ ಇಳಿಯುತ್ತವೆ. ಇಲಿಯಲ್ಲಿ ಪ್ಲೇಟ್‌ಲೆಟ್ ತೆಗೆದರೆ ಆ ಬೆಳವಣಿಗೆ ಕುಂಠಿತವಾಯಿತು. ಆದರೆ ಪ್ಲೇಟ್‌ಲೆಟ್ ಬಹಳ ದಿನ ಅಲ್ಲೇ ಬೀಡುಬಿಟ್ಟರೂ ರಿಪೇರಿ ನಿಲ್ಲುತ್ತದೆ.

ನನಗೆ ಈ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ. ಒಂದು ಕಣ, ಒಂದೇ ಕಾಯಿಲೆ. ವಾರ ಬದಲಾದರೆ ಪಾತ್ರ ಬದಲು. ದಿನಾ ಒಂದು ಮಾತ್ರೆ ನುಂಗಿ ಅದನ್ನು ಪೂರಾ ಮಲಗಿಸಿದರೆ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ಅನ್ನುವುದಕ್ಕೆ ಇಲಿಗಳೇ ಎರಡು ಉತ್ತರ ಕೊಟ್ಟಿವೆ.

ಮತ್ತೆ, ಇಲಿಯಲ್ಲಿ ಗುಣ ಕಂಡ ಎಷ್ಟೋ ಔಷಧಿ ಎಂ.ಎಸ್. ರೋಗಿಗಳಲ್ಲಿ ಕೈಕೊಟ್ಟಿವೆ. ಇಎಇ ನಾವು ಬರಿಸಿದ ಕಾಯಿಲೆ. ಮನುಷ್ಯರಲ್ಲಿ ಎಂ.ಎಸ್. ಯಾಕೆ ಬರುತ್ತದೆ ಅನ್ನುವುದಕ್ಕೆ ಸಿಕ್ಕ ಅತಿ ಗಟ್ಟಿ ಸುಳಿವು ಎಪ್ಸ್ಟೀನ್-ಬಾರ್ ವೈರಸ್. ಅಮೆರಿಕದ ಒಂದು ಕೋಟಿ ಸೈನಿಕರ ದಾಖಲೆ ನೋಡಿದ 2022ರ ಅಧ್ಯಯನ, ಆ ಸೋಂಕು ತಗುಲಿದ ಮೇಲೆ ಎಂ.ಎಸ್. ಅಪಾಯ 32 ಪಟ್ಟು ಏರುತ್ತದೆ ಅಂದಿತು. ಇನ್ನೊಂದು ಕಡೆ ಬಿ-ಕೋಶ ಅನ್ನುವ ಇನ್ನೊಂದು ಬಗೆಯ ರೋಗನಿರೋಧಕ ಕಣಗಳನ್ನು ಕಡಿಮೆ ಮಾಡುವ ರಿಟುಕ್ಸಿಮ್ಯಾಬ್, ಒಕ್ರೆಲಿಜುಮ್ಯಾಬ್ ಕೊಟ್ಟರೆ ಕಾಯಿಲೆ ಮರುಕಳಿಸುವುದು ಎದ್ದು ಕಾಣುವಷ್ಟು ತಗ್ಗುತ್ತದೆ. ಅವು ಪ್ಲೇಟ್‌ಲೆಟ್ ಗೋಜಿಗೇ ಹೋಗುವುದಿಲ್ಲ. ಮುಖ್ಯ ಎಂಜಿನ್ ಎಲ್ಲಿದೆ ಅನ್ನುವುದಕ್ಕೆ ಇಷ್ಟು ಸಾಕು.

ಹಾಗಾದರೆ ರೋಗಿಯ ರಕ್ತ ತೆಗೆದು ಪ್ಲೇಟ್‌ಲೆಟ್ ಕೆರಳಿದೆಯಾ ಅಂತ ನೋಡಿ ಕಾಯಿಲೆಯ ಜಾಡು ಹಿಡಿಯಬಹುದಲ್ಲ? ಕೇಳಲು ಸರಿಯಾಗೇ ಇದೆ. ಮಾಡಲು ಕಷ್ಟ. ಡೆಂಗಿಗೆ ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ಅದರಲ್ಲೇ ಪ್ಲೇಟ್‌ಲೆಟ್‌ನ ಆಕಾರ ಬದಲಾಗುತ್ತದೆ. ಕೆಲವರ ರಕ್ತದಲ್ಲಂತೂ ಗುಂಪುಕಟ್ಟಿಕೊಂಡು, ಸಂಖ್ಯೆ ಕಡಿಮೆ ಅಂತ ಯಂತ್ರ ಸುಳ್ಳು ಹೇಳುತ್ತದೆ. ಕೆರಳುವಿಕೆ ನೋಡಲು ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ ಟ್ಯೂಬು ಬೇಕು. ತೋಳಿಗೆ ಬಿಗಿದ ಪಟ್ಟಿ ಬೇಗ ಸಡಿಲಿಸಬೇಕು. ಸಣ್ಣ ಸೂಜಿಯಲ್ಲಿ ಎಳೆಯಬಾರದು, ಟ್ಯೂಬು ಕುಲುಕಬಾರದು. ಫ್ರಿಜ್‌ನಲ್ಲಿಟ್ಟರೆ ತಣ್ಣಗಾದದ್ದಕ್ಕೇ ಪ್ಲೇಟ್‌ಲೆಟ್ ಕೆರಳುತ್ತದೆ. ಬೇಗ, ಕಣಗಳನ್ನು ಒಂದೊಂದಾಗಿ ಪರೀಕ್ಷಿಸುವ ಯಂತ್ರವಾದ ಫ್ಲೋ ಸೈಟೋಮೀಟರ್‌ಗೆ ಹಾಕಬೇಕು. ಪಾವಗಡದಲ್ಲಿ ತೆಗೆದ ರಕ್ತ ಐಸ್ ಪೆಟ್ಟಿಗೆಯಲ್ಲಿ ಬಸ್ಸೇರಿ ಬೆಂಗಳೂರು ಮುಟ್ಟುವಷ್ಟರಲ್ಲಿ ಆರೋಗ್ಯವಂತರ ಪ್ಲೇಟ್‌ಲೆಟ್ ಕೂಡ ಕೆರಳಿ ಕೂತಿರುತ್ತದೆ. ಹಳೆಯ ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದೆ ಇರುವುದರಲ್ಲಿ ಇದರ ಪಾಲೂ ಇದೆ ಅಂತ ನನ್ನ ಲೆಕ್ಕ. ಹಾಗಾಗಿ ಯಾವುದಾದರೂ ಲ್ಯಾಬ್ "ಪ್ಲೇಟ್‌ಲೆಟ್ ಟೆಸ್ಟ್‌ನಿಂದ ಎಂ.ಎಸ್. ಪತ್ತೆ" ಅಂತ ಬೋರ್ಡ್ ಹಾಕಿದರೆ ನಂಬಬೇಡಿ. ಪತ್ತೆಗೆ ಬೇಕಾದದ್ದು ರೋಗಿಯ ಪೂರ್ತಿ ಕಥೆ, ಎಂ.ಆರ್.ಐ., ಬೇಕಾದರೆ ಬೆನ್ನುನೀರಿನ ಪರೀಕ್ಷೆ.

ಆಸ್ಪಿರಿನ್ ವಿಷಯ ಬೇಗ ಮುಗಿಸಬಹುದು. ಎಂ.ಎಸ್. ತಡೆಯುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಸುಸ್ತು ಕಡಿಮೆ ಮಾಡುತ್ತದಾ ಅಂತ ನೋಡಿದ 2005ರ ಒಂದು ಸಣ್ಣ ಪ್ರಯೋಗದಲ್ಲಿ ಸ್ವಲ್ಪ ಗುಣ ಕಂಡಿತ್ತು. ಅಲ್ಲಿ ನೋಡಿದ್ದು ಸುಸ್ತನ್ನು, ಕಾಯಿಲೆಯ ಓಟವನ್ನಲ್ಲ. ಕಾಯಿಲೆ ಮರುಕಳಿಸಿದಾಗ ಸ್ಟೀರಾಯ್ಡ್ ಕೊಡುತ್ತಾರೆ. ಅದರ ಜೊತೆ ಕೇಳದೆ ಆಸ್ಪಿರಿನ್ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಅಪಾಯ ಜಾಸ್ತಿ. ಹೃದಯಕ್ಕಾಗಿ ವೈದ್ಯರೇ ಬರೆದುಕೊಟ್ಟಿದ್ದರೆ ಆ ಮಾತು ಬೇರೆ.

ಹೃದಯದ ಮಾತು ಬಂತಲ್ಲ, ಅಲ್ಲಿ ಮಾತ್ರ ಪ್ಲೇಟ್‌ಲೆಟ್ ಚರ್ಚೆ ಇವತ್ತೇ ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡಿನ 12,000ಕ್ಕೂ ಹೆಚ್ಚು ಎಂ.ಎಸ್. ರೋಗಿಗಳನ್ನು ಬೇರೆಯವರೊಂದಿಗೆ ಹೋಲಿಸಿದ 2020ರ ಅಧ್ಯಯನದಲ್ಲಿ, ಪಾರ್ಶ್ವವಾಯುವಿನಂಥ ಮಿದುಳಿನ ರಕ್ತನಾಳದ ತೊಂದರೆಯ ಅಪಾಯ 59 ಶೇಕಡ, ಹೃದಯಾಘಾತದ ಬಗೆಯ ತೊಂದರೆಯ ಅಪಾಯ 28 ಶೇಕಡ ಜಾಸ್ತಿ ಕಂಡಿತು. ಕೆರಳಿದ ಪ್ಲೇಟ್‌ಲೆಟ್ ಇದಕ್ಕೆ ಒಂದು ಕಾರಣ ಇರಬಹುದು, ಓಡಾಟ ಕಡಿಮೆಯಾಗುವುದು ಇನ್ನೊಂದು. ಎಂ.ಎಸ್. ಇದೆ ಅಂತ ಗೊತ್ತಾದ ಮೇಲೆ ಮನೆಯವರ ಗಮನವೆಲ್ಲ ಕೈಕಾಲಿನ ಮೇಲೆ ಹೋಗುತ್ತದೆ. ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ನೋಡಿಸುವುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇವು ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಶುರುಮಾಡಬಹುದಾದ ಕೆಲಸ. ಬೀಡಿ, ಸಿಗರೇಟು ಬಿಡುವುದಂತೂ ಎರಡು ಲಾಭ: ಪ್ಲೇಟ್‌ಲೆಟ್ ತಣ್ಣಗಾಗುತ್ತದೆ, ಎಂ.ಎಸ್. ಬಿಗಡಾಯಿಸುವುದೂ ನಿಧಾನವಾಗುತ್ತದೆ.

ಸಂಖ್ಯೆ ಎಣಿಸಲೇಬೇಕಾದ ಒಂದು ಸಂದರ್ಭವೂ ಇದೆ. ಎಂ.ಎಸ್.ಗೆ ಕೊಡುವ ಅಲೆಮ್ಟುಜುಮ್ಯಾಬ್ ಅನ್ನುವ ಔಷಧಿ ಪಡೆದ ಕೆಲವರಲ್ಲಿ, ನೂರಕ್ಕೆ ಸುಮಾರು ಇಬ್ಬರಲ್ಲಿ, ದೇಹ ತನ್ನದೇ ಪ್ಲೇಟ್‌ಲೆಟ್ ನಾಶಮಾಡಲು ಶುರುಮಾಡುತ್ತದೆ. ಆ ಔಷಧಿಯ ಆರಂಭದ ಪ್ರಯೋಗದಲ್ಲಿ ಒಬ್ಬ ರೋಗಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಕೊನೆಯ ಡೋಸ್ ಆದ ಮೇಲೂ 48 ತಿಂಗಳು, ಪ್ರತಿ ತಿಂಗಳೂ ರಕ್ತ ಪರೀಕ್ಷೆ ಮಾಡಿಸಬೇಕು ಅನ್ನುವ ನಿಯಮ ಬಂದದ್ದು ಹೀಗೆ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಒಸಡಿನಲ್ಲಿ ರಕ್ತ ಕಂಡರೆ ಮುಂದಿನ ತಿಂಗಳಿಗೆ ಕಾಯಬಾರದು.

ಪ್ಲೇಟ್‌ಲೆಟ್ ತಡೆಯುವ ಔಷಧಿ ಎಂ.ಎಸ್.ಗೆ ಬರಬೇಕಾದರೆ ದೊಡ್ಡ ಪ್ರಯೋಗ ಆಗಬೇಕು. ಕ್ಲೋಪಿಡೋಗ್ರೆಲ್‌ನಂಥ ಹಳೇ ಅಗ್ಗದ ಮಾತ್ರೆಗೆ ಅಷ್ಟು ಹಣ ಹಾಕಲು ಯಾವ ಕಂಪನಿಗೂ ಆಸಕ್ತಿ ಇರುವಂತೆ ಕಾಣುವುದಿಲ್ಲ, ಸರ್ಕಾರಿ ಸಂಸ್ಥೆಗಳೇ ಮಾಡಬೇಕು. ಇಲಿಗಳು ಕಲಿಸಿದ ಪಾಠ ನಿಜವಾದರೆ ಔಷಧಿಯನ್ನು ಕಾಯಿಲೆ ಕೆರಳಿದ ಮೊದಲ ಕೆಲವು ದಿನಗಳಲ್ಲಿ ಕೊಟ್ಟು, ರಿಪೇರಿ ಶುರುವಾಗುವ ಹೊತ್ತಿಗೆ ನಿಲ್ಲಿಸಬೇಕಾಗಬಹುದು. ಅಂದರೆ ರೋಗಿ ಆ ಮೊದಲ ದಿನಗಳಲ್ಲೇ ಸಿಗಬೇಕು. ಕಣ್ಣು ಮಸುಕಾದಾಗ ಕನ್ನಡಕದ ಅಂಗಡಿಗೂ, ಕಾಲು ಜೋಮು ಹಿಡಿದಾಗ ಎಣ್ಣೆ ತಿಕ್ಕುವವರ ಹತ್ತಿರಕ್ಕೂ ಹೋಗಿ, ತಿಂಗಳುಗಟ್ಟಲೆ ಕಳೆದ ಮೇಲೆ ತುಮಕೂರಿಗೋ ಬೆಂಗಳೂರಿಗೋ ಬರುವವರು ಅಂಥ ಪ್ರಯೋಗಕ್ಕೆ ಸೇರುವುದೇ ಇಲ್ಲ. ಈಗಾಗಲೇ ಇರುವ ಒಳ್ಳೆಯ ಔಷಧಿಗಳೂ ಅವರಿಗೆ ತಡವಾಗಿಯೇ ಸಿಗುತ್ತವೆ.